ಮಂಜುಗಡ್ಡೆಯ ಕಲ್ಲೂ ತಾಳ್ಯದ ಬೀಗರೂ

ಕರ್ಲಿಂಗ್ ಎಂಬ ಆಟವನ್ನು ನೋಡಿದ್ದಕ್ಕೆ ನಾನು ತೆತ್ತ ಬೆಲೆ ಮಗಳ ಮದುವೆ. ಮದುವೆ ಮುರಿಯಿತೇನೋ ಎಂದು ಗಾಬರಿಯಾಗಬೇಡಿ, ಅದು ಚೆನ್ನಾಗಿಯೇ ನಡೆಯುತ್ತದೆ. ಆದರೆ ನನ್ನ ಊರಾದ ಹಿರಿಯೂರಿನಲ್ಲಿ ನಡೆಯುವುದಿಲ್ಲ, ಬೀಗರ ಊರಾದ ತಾಳ್ಯದಲ್ಲಿ ನಡೆಯುತ್ತದೆ. ಇದನ್ನು ಯಾರೂ ನನ್ನಿಂದ ಕಿತ್ತುಕೊಳ್ಳಲಿಲ್ಲ. ಕಿತ್ತುಕೊಂಡಿದ್ದರೆ ಇಷ್ಟು ಬೇಸರವಾಗುತ್ತಿರಲಿಲ್ಲ. ಬೀಗರಾಗುವವರಿಗೆ ಆ ಆಟದ ಹುಚ್ಚು, ಅವರನ್ನು ಮೆತ್ತಗೆ ಮಾಡಲು ನಾನೂ ಆ ಹುಚ್ಚನ್ನು ಸ್ವಲ್ಪ ಹಚ್ಚಿಕೊಂಡೆ, ಹಚ್ಚಿಕೊಂಡಿದ್ದು ನನ್ನನ್ನೇ ಮೆತ್ತಗೆ ಮಾಡಿತು. ವ್ಯಾಪಾರದ ಭಾಷೆಯಲ್ಲಿ ಹೇಳುವುದಾದರೆ, ಮಾಲು ನೋಡಲು ಹೋದವನು ನಾನೇ ಮಾರಾಟವಾಗಿ ಬಂದೆ.

ನಾನು ಕುರಿ ವ್ಯಾಪಾರಿ. ಓದು ಹೆಚ್ಚಿಲ್ಲ, ಆಸ್ತಿ ಬಂದಿದ್ದಿಲ್ಲ, ಇರುವುದೆಲ್ಲ ಸಂತೆಯಲ್ಲಿ ಜಗ್ಗಾಡಿ ಸಂಪಾದಿಸಿದ್ದು. ಆದ್ದರಿಂದ ಚೌಕಾಸಿ ನನಗೆ ಉಸಿರಾಟದ ಹಾಗೆ, ನಿಲ್ಲಿಸಿದರೆ ತಲೆ ಸುತ್ತುತ್ತದೆ. ಒಮ್ಮೆ ಹಲ್ಲು ಕೀಳಿಸಲು ಚಿತ್ರದುರ್ಗಕ್ಕೆ ಹೋಗಿದ್ದಾಗ, ಎರಡು ಕಿತ್ತರೆ ಎಷ್ಟಕ್ಕೆ ಬಿಡುತ್ತೀರಿ ಎಂದು ಡಾಕ್ಟರನ್ನು ಕೇಳಿದೆ. ಅವರೂ ಯೋಚಿಸಿ ಒಂದು ದರ ಹೇಳಿದರು. ನಾನು ಇನ್ನೇನು ಒಪ್ಪಬೇಕು, ಪಕ್ಕದಲ್ಲಿದ್ದ ನನ್ನ ಹೆಂಡತಿ ಸಾಕಮ್ಮ ಅಂಗಿ ಹಿಡಿದು ಎಳೆದಳು. "ಕೆಟ್ಟಿರಾದು ಒಂದೇ ಹಲ್ಲು ಕಣ್ರಿ!" ಎಂದಳು. ಇವಳಿಲ್ಲದಿದ್ದರೆ ಇಷ್ಟು ಹೊತ್ತಿಗೆ ಲಾಭದ ಮೇಲೆ ಲಾಭ ಮಾಡಿಕೊಂಡು ನಾನು ಬೊಚ್ಚುಬಾಯಿಯಾಗಿರುತ್ತಿದ್ದೆ.

ಇಂಥ ನನಗೆ ಶಿಲ್ಪ ಎಂಬ ಒಬ್ಬಳೇ ಮಗಳು. ಬಬ್ಬೂರಿನ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕೆಲಸ. ಅಲ್ಲೇ ಕೆಲಸ ಮಾಡುವ ತಾಳ್ಯದ ಹುಡುಗ ಮಂಜು ಅವಳಿಗೆ ಒಪ್ಪಿಗೆಯಾದ, ಅವನಿಗೆ ಇವಳು. ಹಿರಿಯರಾದ ನಾವು ಎಲ್ಲವನ್ನೂ ನಾವೇ ನೋಡಿ ಗೊತ್ತು ಮಾಡಿದವರ ಹಾಗೆ ಮುಖ ಮಾಡಿಕೊಂಡು ಮಾತುಕತೆಗೆ ಕೂತೆವು. ಹುಡುಗನ ತಂದೆ ಹನುಮಂತಪ್ಪ ಮೇಷ್ಟ್ರು, ನಿವೃತ್ತ ಪಿಟಿ ಮೇಷ್ಟ್ರು. ಎಲ್ಲಕ್ಕೂ ಹೂಂ ಎಂದ ಮನುಷ್ಯ ಮದುವೆ ಎಲ್ಲಿ ಎಂಬ ಒಂದು ಮಾತಿಗೆ ಬಂದಾಗ ಗೂಟ ಹೊಡೆದು ನಿಂತರು. ಮದುವೆ ತಾಳ್ಯದಲ್ಲಿ, ತಮ್ಮ ಮನೆಯ ಮುಂದಿನ ಬೇವಿನ ಮರದ ಕೆಳಗೆ ಚಪ್ಪರ ಹಾಕಿ ಮಾಡಬೇಕು ಎಂದರು. ನಾನು ಹಿರಿಯೂರಿನಲ್ಲಿ, ಹೆದ್ದಾರಿ ಪಕ್ಕದ ಮಂಟಪದಲ್ಲಿ ಎಂದೆ. ನನ್ನ ಸಂತೆಯ ಜನ ಹೊಸದುರ್ಗದ ಮತ್ತೋಡಿನಿಂದ ಹಿಡಿದು ಆಂಧ್ರದ ಗಡಿಯವರೆಗೆ ಇದ್ದಾರೆ, ಅವರೆಲ್ಲರ ಮುಂದೆ ನನ್ನ ಮಗಳ ಮದುವೆ ನನ್ನ ಊರಿನಲ್ಲಿ ನಡೆಯಬೇಕೆಂಬುದು ನನ್ನ ಬಹಳ ದಿನದ ಆಸೆ. ಎರಡನೆಯ ಸಲದ ಮಾತುಕತೆಯಲ್ಲಿ ನಾನು ಸ್ವಲ್ಪ ಜೋರಾಗಿಯೇ ಜಗ್ಗಿದೆ. ಮೇಷ್ಟ್ರು ಕಾಫಿ ಅರ್ಧಕ್ಕೆ ಬಿಟ್ಟು ಎದ್ದು ಹೋದರು.

ಆವತ್ತು ಸಂಜೆ ಶಿಲ್ಪ ನನ್ನೆದುರು ಕುಕ್ಕರುಗಾಲಲ್ಲಿ ಕೂತು ಮೆಲ್ಲಗೆ ಹೇಳಿದಳು. "ಅಪ್ಪ, ಇದು ಕುರಿ ಸಂತೆ ಅಲ್ಲ. ಅಲ್ಲಿ ನೀನು ಒಂದು ಮರಿ ಬಿಟ್ರೆ ಇನ್ನೊಂದು ಮರಿ ಸಿಗ್ತದೆ. ನಂಗೆ ಮಂಜು ಒಬ್ನೇ. ಇನ್ನೊಂದು ಸಲ ಅವರು ಎದ್ದು ಹೋದ್ರೆ ಮತ್ತೆ ಬರಲ್ಲ." ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಅಳಲಿಲ್ಲ.

ಮಾರನೆಯ ದಿನ ಮಂಜುವೇ ಗುಟ್ಟಾಗಿ ಫೋನ್ ಮಾಡಿದ. "ಮಾವ, ನಮ್ಮಪ್ಪನ ಜೊತೆ ಮಾತಾಡಕ್ಕೆ ಹೋಗ್ಬ್ಯಾಡ್ರಿ. ಆಟ ನೋಡಕ್ಕೆ ಬರ್ರಿ. ಈಗ ಸೀನಿಯರ್ಸ್ ಕರ್ಲಿಂಗ್ ಚಾಂಪಿಯನ್‌ಶಿಪ್ ನಡೀತಾ ಐತೆ. ಅದನ್ನ ನೋಡೋವಾಗ ಅಪ್ಪ ದೇವರಂಥ ಮನುಷ್ಯ" ಎಂದ. ಅದ್ಯಾವ ಆಟವೋ ಎಂದು ಕೇಳಿದರೆ ಅವನು ಹೇಳಿದ್ದು ನನಗೆ ಮೊದಲು ತಮಾಷೆಯೆನಿಸಿತು. ನೆಲದ ತುಂಬ ಮಂಜುಗಡ್ಡೆ. ಅದರ ಮೇಲೆ ಹಿಡಿಕೆಯಿರುವ ಒಂದು ಭಾರದ ಗ್ರಾನೈಟ್ ಕಲ್ಲು. ಒಬ್ಬ ಮಂಡಿಯೂರಿ ಅದನ್ನು ಜಾರಿಸಿ ಬಿಡುತ್ತಾನೆ. ಇನ್ನಿಬ್ಬರು ಅದರ ಮುಂದೆ ಓಡುತ್ತ ಪೊರಕೆಯಂಥದ್ದರಿಂದ ಮಂಜನ್ನು ಉಜ್ಜುತ್ತಾರೆ. ಉಜ್ಜಿದರೆ ಕಲ್ಲು ದೂರ ಹೋಗುತ್ತದೆ, ಬಿಟ್ಟರೆ ತಿರುಗುತ್ತದೆ. ಆ ತುದಿಯಲ್ಲಿ ಬಣ್ಣದ ವೃತ್ತ, ನಡುವಿನ ಚುಕ್ಕೆಗೆ ಯಾರ ಕಲ್ಲು ಹತ್ತಿರವೋ ಅವರಿಗೆ ಅಂಕ. ಆಡುವವರೆಲ್ಲ ಐವತ್ತು ದಾಟಿದವರು, ದೇಶದೇಶಗಳ ತಂಡ ಕಟ್ಟಿಕೊಂಡು ಬಂದವರು.

ನಾನು ಸಂತೆಯಲ್ಲಿ ಕುರಿಗಳ ನಡುವೆ ನಿಂತು ಫೋನಿನಲ್ಲಿ ನೋಡತೊಡಗಿದೆ. ಮನೆಯಲ್ಲೂ ನೋಡಿದೆ. ಸಾಕಮ್ಮ ಹೆಗಲ ಮೇಲಿಂದ ಇಣುಕಿ, ಬಿಳಿಕೂದಲಿನ ಗಂಡಸರಿಬ್ಬರು ಬೆವರು ಸುರಿಸುತ್ತ ಉಜ್ಜುವುದನ್ನು ಬಹಳ ಹೊತ್ತು ನೋಡಿದಳು. "ಇವರ ಹೆಂಡ್ರು ಪುಣ್ಯ ಮಾಡಿದ್ರು ಬಿಡ್ರಿ" ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ಆದ್ರೂ ಮೂಲೆ ಬಿಟ್ಟು ನಡುವೆ ಮಾತ್ರ ಗುಡಿಸ್ತಾರೆ, ಗಂಡಸರ ಕೆಲಸನೇ ಇಷ್ಟು" ಎಂದು ಒಳಗೆ ಹೋದಳು. ಆಮೇಲೆ ಒಲೆಯ ಮೇಲೆ ಸಾರು ಕುದಿಯುವಾಗಲೂ ಬಂದು, "ನಾರ್ವೆ ಹೆಂಗಸ್ರು ಗೆದ್ರೇನ್ರಿ?" ಎಂದು ಕೇಳುತ್ತಿದ್ದಳು. ನಾರ್ವೆ ಎಲ್ಲಿದೆಯೆಂದು ಅವಳಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಆ ತಂಡದ ಒಬ್ಬಾಕೆಯ ಜಡೆ ತನ್ನ ತಂಗಿಯ ಜಡೆಯ ಹಾಗಿದೆಯಂತೆ, ಅಷ್ಟೇ ಕಾರಣ.

ಬೀಗರ ಮುಂದೆ ಕೂರಬೇಕಾದರೆ ನನಗೂ ಒಂದು ತಂಡ ಬೇಕಲ್ಲ. ತಂಡ ಆರಿಸುವುದನ್ನು ನಾನು ನನಗೆ ಗೊತ್ತಿದ್ದ ರೀತಿಯಲ್ಲೇ ಮಾಡಿದೆ. ಟಗರು ಕೊಳ್ಳುವಾಗ ಹಲ್ಲು, ಕಾಲು, ನಡಿಗೆ ನೋಡುತ್ತೇವೆ. ಇಲ್ಲಿ ಹಲ್ಲು ನೋಡಲು ಆಗದು, ಬಾಯಿ ಬಿಟ್ಟು ಕೂಗಿದಾಗ ಕಂಡಷ್ಟು ಕಂಡಿತು. ಮಂಡಿ ನೋಡಿದೆ. ಕಲ್ಲು ಬಿಟ್ಟು ಏಳುವಾಗ ಯಾರು ಸೊಂಟ ಹಿಡಿದುಕೊಳ್ಳುತ್ತಾರೆ, ಯಾರು ಪಕ್ಕದವನ ಹೆಗಲು ಹುಡುಕುತ್ತಾರೆ ಎಂದು ಲೆಕ್ಕ ಹಾಕಿದೆ. ಸ್ವೀಡನ್ನಿನವರ ಮಂಡಿ ಬಹಳ ಚೆನ್ನಾಗಿತ್ತು. ಆದರೆ ನ್ಯೂಜಿಲೆಂಡಿನಲ್ಲಿ ಜನರಿಗಿಂತ ಕುರಿಗಳೇ ಹೆಚ್ಚು ಎಂದು ಶಿಲ್ಪ ಹೇಳಿದ್ದೇ ತಡ, ಮಂಡಿ ಗಿಂಡಿ ಎಲ್ಲ ಬಿಟ್ಟು ನಾನು ನ್ಯೂಜಿಲೆಂಡಿನ ಕಡೆಯಾದೆ. ಕುರಿ ಮಾರುವವರು ಕುರಿಯವರ ಕೈ ಬಿಡುವುದುಂಟೇ? ವ್ಯಾಪಾರದಲ್ಲಿ ಮನಸ್ಸು ಕೊಡಬಾರದು ಎಂದು ಎಲ್ಲರಿಗೂ ಬುದ್ಧಿ ಹೇಳುವ ನಾನು ಇಲ್ಲಿ ಮಾಡಿದ ಮೊದಲ ತಪ್ಪು ಅದು.

ಒಂದು ಭಾನುವಾರ ಸಂಜೆ ಒಬ್ಬನೇ ತಾಳ್ಯಕ್ಕೆ ಹೋದೆ. ಮೇಷ್ಟ್ರು ಬಾಗಿಲಲ್ಲಿ ನನ್ನನ್ನು ಕಂಡು ಮುಖ ಗಂಟಿಕ್ಕಿದರು.

"ಮದುವೆ ಮಾತಾ?"

"ಅಲ್ಲ ಮೇಷ್ಟ್ರೇ. ಇವತ್ತು ನ್ಯೂಜಿಲೆಂಡ್ ಐತಲ್ಲ, ನೋಡಾಣ ಅಂತ ಬಂದೆ."

ಗಂಟು ಹಾಗೇ ಬಿಚ್ಚಿಕೊಂಡಿತು. "ಅಯ್ಯೋ, ಬರ್ರಿ ಬರ್ರಿ, ಕುಂತ್ಕಳ್ರಿ! ನಮ್ಮ ಸ್ವೀಡನ್ ಮೇಲೇ ಆಟ!" ಎಂದು ಕೈ ಹಿಡಿದು ಟಿವಿಯ ಮುಂದೆ ಕೂರಿಸಿದರು. ಒಳಗಿಂದ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಬಂದವು. ಗೋಡೆಗೆ ಮಂಜು ಹಾಕಿಸಿದ ದೊಡ್ಡ ಟಿವಿ, ಅದರ ತುಂಬ ಮಂಜುಗಡ್ಡೆ. ಹೊರಗೆ ತಾಳ್ಯದ ಬಿಸಿಲು ಇನ್ನೂ ಇಳಿದಿರಲಿಲ್ಲ. ನಾವಿಬ್ಬರೂ ಬನಿಯನ್ನಿನಲ್ಲಿ ಕೂತು, ಸ್ವೆಟರ್ ಹಾಕಿಕೊಂಡವರಿಗೆ ಸಲಹೆ ಕೊಡಲು ಶುರು ಮಾಡಿದೆವು.

"ಲೇ, ಉಜ್ಜೋ! ಉಜ್ಜೋ! ಕೈ ನೋವಾ ನಿಂಗೆ?" ಎಂದು ನಾನು ಕೂಗಿದೆ.

"ಬ್ಯಾಡ, ಬಿಡ್ಲಿ, ಅದು ತಿರುಗ್ಬೇಕು! ನೀವು ಸುಮ್ಕಿರ್ರಿ, ನಿಮ್ಮ ಮಾತು ಕೇಳಿ ಅವನು ಕೆಟ್ಟಾನು" ಎಂದು ಮೇಷ್ಟ್ರು ಕೂಗಿದರು.

"ನಿಮ್ಮೋನು ಆ ಮೂಲೇಲಿ ಕಲ್ಲಿಟ್ಟು ದಾರಿ ಕಟ್ಟವ್ನೆ. ಇದು ಮೋಸ."

"ಮೋಸ ಅಲ್ಲ ಕಣ್ರಿ, ಬುದ್ಧಿ. ಈ ಆಟದಾಗೆ ಪೊರಕೆ ಕಲ್ಲಿಗೆ ತಾಗಿದ್ರೆ ತಾಗಿಸ್ದೋನೇ ಬಾಯಿ ಬಿಟ್ಟು ಹೇಳ್ತಾನೆ. ನಿಮ್ಮ ಸಂತೇಲಿ ಯಾರಾದ್ರೂ ಹೇಳ್ತಾರೇನು, ಈ ಕುರಿ ಕುಂಟು ಅಂತ?"

ನಾನು ಮೆಣಸಿನಕಾಯಿ ಕಚ್ಚಿದೆ.

ನನ್ನ ನ್ಯೂಜಿಲೆಂಡ್ ಹಿಂದೆ ಬೀಳುತ್ತಾ ಹೋಯಿತು. ಆದರೂ ಇನ್ನೂ ಕಲ್ಲುಗಳು ಬಾಕಿ ಇದ್ದವು, ಕೊನೆಯ ಸುತ್ತು ಆಡುವುದಿತ್ತು. ಅಷ್ಟರಲ್ಲಿ ನಮ್ಮ ನಾಯಕ, ಹೊಟ್ಟೆ ಬಂದ ಬೋಳುತಲೆಯ ಮನುಷ್ಯ, ಕೈಗವಸು ತೆಗೆದು ಸ್ವೀಡನ್ನಿನವನ ಹತ್ತಿರ ನಡೆದು ಕೈ ಚಾಚಿದ. ಎಲ್ಲರೂ ಕೈ ಕುಲುಕಿ ನಗತೊಡಗಿದರು. ನಾನು ಎದ್ದು ನಿಂತೆ. "ಇದೇನ್ರಿ? ಕಲ್ಲು ಇನ್ನೂ ಅವೆ! ವ್ಯಾಪಾರ ಮುಗಿಯೋ ಮುಂಚೆ ಅಂಗಡಿ ಮುಚ್ಚಾದಾ?"

ಮೇಷ್ಟ್ರು ನಿಧಾನವಾಗಿ ಹೇಳಿದರು. "ಅವನಿಗೆ ಗೊತ್ತಾತು, ಇನ್ನು ಎಳೆದ್ರೆ ಇಬ್ರಿಗೂ ಸುಸ್ತು ಅಂತ. ಅದಕ್ಕೆ ಅವನೇ ಹೋಗಿ ಕೈ ಕೊಟ್ಟ. ಈ ಆಟದಾಗೆ ಅದು ಅವಮಾನ ಅಲ್ಲ, ಮರ್ಯಾದೆ. ಈಗ ಗೆದ್ದೋರೇ ಸೋತೋರನ್ನ ಕರ್ಕೊಂಡೋಗಿ ಕುಡಿಯಾಕೆ ಕೊಡಿಸ್ತಾರೆ, ಒಟ್ಟಿಗೇ ಕುಂತು ನಗಾಡ್ತಾರೆ. ಅದಕ್ಕೇ ನಾನು ಇದನ್ನ ನೋಡಾದು."

ನನಗೆ ಆ ಬೋಳುತಲೆಯ ಮೇಲೆ ಸಿಟ್ಟೇ ಬರಲಿಲ್ಲ. ಸೋತವನ ಮುಖ ಹಾಗಿರುತ್ತದೆಂದು ನಾನು ಕಂಡಿರಲಿಲ್ಲ. ಸಂತೆಯಲ್ಲಿ ಸೋತವನು ಟವೆಲ್ ಕೊಡವಿ, ಬೈದುಕೊಂಡು ಹೋಗುತ್ತಾನೆ. ಇವನು ಗೆದ್ದವನ ಬೆನ್ನು ತಟ್ಟುತ್ತಿದ್ದ.

ಕೈ ತೊಳೆಯಲು ಹಿತ್ತಲಿಗೆ ಹೋದೆ. ನಡುಮನೆಯ ಮಂಚದಲ್ಲಿ ಮೇಷ್ಟ್ರ ತಾಯಿ ಕೂತಿದ್ದರು, ತೊಂಬತ್ತರ ಹತ್ತಿರದ ಅಜ್ಜಿ. ನನ್ನನ್ನು ಗುರುತು ಹಿಡಿದು, "ಏನಪ್ಪ ಹಿರಿಯೂರಾತ, ಮದುವೆ ಎಲ್ಲಿ ಅಂತ ಮಾಡಿದ್ರಿ? ನನ್ ಕಾಲು ಕಾರ್ ಹತ್ತಲ್ಲ ಕಣಪ್ಪ. ಅದಕ್ಕೇ ಮಗಂಗೆ..." ಎಂದರು. ಅಷ್ಟು ಸಾಕಾಯಿತು ನನಗೆ. ಮುಂದಿನದು ಕಿವಿಗೆ ಬೀಳಲೇ ಇಲ್ಲ. ಮೇಷ್ಟ್ರು ತಾಳ್ಯವೇ ಬೇಕೆಂದು ಹಟ ಹಿಡಿದದ್ದು ಇದಕ್ಕೆ! ಇಂಥ ಭಾರಿ ಕಲ್ಲನ್ನು ಕೈಯಲ್ಲಿಟ್ಟುಕೊಂಡು ಎರಡು ಸಲದ ಮಾತುಕತೆಯಲ್ಲಿ ಒಮ್ಮೆಯೂ ಬಿಟ್ಟಿಲ್ಲವಲ್ಲ ಈ ಮನುಷ್ಯ. ನನ್ನ ಮನೆಯಲ್ಲಿ ಇಂಥ ಅಜ್ಜಿಯೊಬ್ಬರಿದ್ದಿದ್ದರೆ ಮೊದಲನೆಯ ದಿನವೇ ಮಂಚದ ಸಮೇತ ಎತ್ತಿಕೊಂಡು ಬಂದು ಮಾತುಕತೆಯ ನಡುವೆ ಇಡುತ್ತಿದ್ದೆ.

ಒದ್ದೆ ಕೈಯಲ್ಲೇ ಹಜಾರಕ್ಕೆ ಬಂದೆ. ಮೇಷ್ಟ್ರ ಮುಂದೆ ನಿಂತು ಕೈ ಚಾಚಿದೆ. "ಮೇಷ್ಟ್ರೇ, ಮದುವೆ ತಾಳ್ಯದಲ್ಲೇ ಆಗ್ಲಿ. ಬೇವಿನ ಮರದ ಕೆಳಗೇ ಆಗ್ಲಿ." ಅವರು ಏನಾಗುತ್ತಿದೆಯೆಂದು ತಿಳಿಯುವ ಮೊದಲೇ ನನ್ನ ಕೈ ಹಿಡಿದುಬಿಟ್ಟಿದ್ದರು. ಹಿಡಿದ ಮೇಲೆ ಅವರ ಮುಖ ವಿಚಿತ್ರವಾಯಿತು.

"ಅಲ್ಲ ಕಣ್ರಿ ಬೀಗ್ರೇ... ನಾವು ಹಿರಿಯೂರಿಗೇ ಒಪ್ಪಿದ್ವಲ್ಲ. ನಾಳೆ ನಾನೇ ಬಂದು ಹೇಳಾಣ, ಅಲ್ಲೀವರೆಗೂ ಬಿಗಿಯಾಗಿರಾಣ ಅಂತಿದ್ದೆ."

"ಅಜ್ಜಿ ಕಾಲು?"

"ಅಮ್ಮನೇ ಹೇಳಿದ್ದು, 'ಹೆಣ್ಣು ಹೆತ್ತೋನು ಪಾಪ, ಆಸೆ ಪಡ್ತಾನೆ, ಬಿಟ್ಟುಕೊಡೋ. ಯಾವುದೋ ದೇಶದ ಕಲ್ಲು ಜಾರಾದು ಈ ಟಿವೀಲಿ ಕಾಣ್ತದೆ, ಮೊಮ್ಮಗನ ಮದುವೆ ಕಾಣಲ್ವಾ' ಅಂತ."

ನಡುಮನೆಯಿಂದ ಅಜ್ಜಿಯ ದನಿ ಬಂತು. "ಅದನ್ನೇ ಹೇಳ್ತಿದ್ದೆ, ಬೆಂಕಿ ತುಳಿದೋನ ಹಂಗೆ ಓಡೋದ!"

ಗೆದ್ದ ಆಟವನ್ನು ನಾನೇ ಕೈ ಚಾಚಿ ಸೋತಿದ್ದೆ. ಮೇಷ್ಟ್ರು ಧರ್ಮಿಷ್ಠರು, "ಇಲ್ಲ, ಹಿರಿಯೂರೇ ಆಗ್ಬೇಕು" ಎಂದು ಪಟ್ಟು ಹಿಡಿದರು. ನಾನು ತಾಳ್ಯವೇ ಆಗಬೇಕೆಂದೆ. ನಮ್ಮ ವ್ಯಾಪಾರದಲ್ಲಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು ದರ ಮಾತಾಡುತ್ತೇವೆ, ಜಗ್ಗಾಡುತ್ತೇವೆ, ಬೈದಾಡುತ್ತೇವೆ. ಆದರೆ ಕೈಗೆ ಕೈ ಬಿತ್ತೆಂದರೆ ಮುಗಿಯಿತು, ಕುರಿ ಅಲ್ಲೇ ಸತ್ತು ಬಿದ್ದರೂ ಮಾತು ಹಿಂದಕ್ಕಿಲ್ಲ. ಆ ನೇಮ ಮುರಿದು ನಾನು ಯಾವ ಸಂತೆಗೆ ಮುಖ ಹೊತ್ತು ಹೋಗಲಿ? ಅವರು ಹಿರಿಯೂರು ಎಂದರೆ ನಾನು ತಾಳ್ಯ, ನಾನು ತಾಳ್ಯ ಎಂದರೆ ಅವರು ಹಿರಿಯೂರು. ದನಿ ಏರಿತು. ಬಿಟ್ಟುಕೊಡುವುದಕ್ಕಾಗಿ ಇಷ್ಟು ಜೋರಾಗಿ ನಾನು ಯಾರ ಜೊತೆಯೂ ಜಗಳವಾಡಿರಲಿಲ್ಲ. ಅಷ್ಟರಲ್ಲಿ ಮಂಜು ಹೊರಗಿನಿಂದ ಬಂದವನು ಮತ್ತೆ ಮುರಿಯಿತೆಂದು ಭಾವಿಸಿ ಬಾಗಿಲಲ್ಲೇ ಬಿಳಿಚಿಕೊಂಡು ನಿಂತ. ಅವನ ಮುಖ ನೋಡಿ ಇಬ್ಬರಿಗೂ ನಗು ಬಂತು. ನಗುವಾಗ ಮೇಷ್ಟ್ರು ಸ್ವಲ್ಪ ಸಡಿಲವಾದರು. ನಾನು ಆ ಗಳಿಗೆ ಹಿಡಿದು ಮದುವೆ ತಾಳ್ಯಕ್ಕೆ ಎಂದು ಮುಗಿಸಿಬಿಟ್ಟೆ.

ಮುಗಿಸಿದ ಕೂಡಲೇ ನನ್ನೊಳಗಿನ ವ್ಯಾಪಾರಿ ಎದ್ದು ಕೂತ. ದೊಡ್ಡದನ್ನು ಬಿಟ್ಟುಕೊಟ್ಟಾಗ ಎದುರಿನವನು ಮುಜುಗರದಲ್ಲಿರುತ್ತಾನೆ, ಆಗ ಚಿಕ್ಕದನ್ನು ಕೇಳಿದರೆ ಇಲ್ಲ ಎನ್ನಲಾರ. "ಹಂಗಾದ್ರೆ ಬೀಗರೂಟ ಮಾತ್ರ ಹಿರಿಯೂರಲ್ಲಿ ಮೇಷ್ಟ್ರೇ. ಟಗರು ನಾನೇ ಆರಿಸ್ತೀನಿ" ಎಂದೆ. ಅವರು ಒಂದೇ ಮಾತಿಗೆ ಒಪ್ಪಿದರು. ಅಬ್ಬ, ಪೂರ್ತಿ ಕೆಡಲಿಲ್ಲ ಎಂದು ನಾನು ಉಸಿರು ಬಿಡುವಷ್ಟರಲ್ಲಿ ನಡುಮನೆಯಿಂದ ಅಜ್ಜಿ ಕೂಗಿದರು.

"ಲೇ ಮಂಜ, ಕಾರಲ್ಲಿ ನಂಗೆ ಮುಂದಿನ ಸೀಟ್ ಇಟ್ಟಿರು. ಬೀಗರೂಟಕ್ಕೆ ನಾನೂ ಬರ್ತೀನಿ."

"ಕಾಲು ಹತ್ತಲ್ಲ ಅಂದ್ಯಲ್ಲಜ್ಜಿ?"

"ತಾಳಿ ಕಟ್ಟೋದು ಟಿವೀಲಿ ನೋಡ್ಬೋದು ಕಣೋ. ಬಾಡೂಟ ಟಿವೀಲಿ ಉಣ್ಣಾಕಾಗ್ತದಾ?"

ಸಾಕಮ್ಮನಿಗೆ ಇದನ್ನೆಲ್ಲ ಹೇಳಿದಾಗ ಅವಳು ಬಿದ್ದು ಬಿದ್ದು ನಕ್ಕಳು. ಶಿಲ್ಪ ನಗಲಿಲ್ಲ, ಬಂದು ನನ್ನ ಪಕ್ಕ ಕೂತು ಹೆಗಲಿಗೆ ತಲೆಯಿಟ್ಟಳು. ಅವಳು ಹಾಗೆ ಕೂತು ಬಹಳ ವರ್ಷವಾಗಿತ್ತು. ಸಂತೆಯ ಜನ ಈಗಲೂ ಕೇಳುತ್ತಾರೆ, "ಏನಣ್ಣ, ನಿನ್ನಂಥೋನು ಸೋತ್ಯಂತಲ್ಲ?" ಎಂದು. ಹೌದು ಎನ್ನುತ್ತೇನೆ, ಮದುವೆಗೆ ತಾಳ್ಯಕ್ಕೆ ಬನ್ನಿ ಎನ್ನುತ್ತೇನೆ.

ನೀವೂ ಮಗಳ ಮದುವೆ ಮಾತಿಗೆ ಹೋಗುವವರಿದ್ದರೆ ನನ್ನ ಮಾತು ಕೇಳಿ. ಹೋಗುವ ಮೊದಲು ಬೀಗರು ಯಾವ ಆಟ ನೋಡುತ್ತಾರೆಂದು ವಿಚಾರಿಸಿಕೊಳ್ಳಿ, ಅವರ ಜೊತೆ ಕೂತು ನೋಡಿ, ಮಂಡಕ್ಕಿ ತಿನ್ನಿ, ಅದರಲ್ಲಿ ನಷ್ಟವಿಲ್ಲ. ಆದರೆ ಆಟ ಮುಗಿದ ಬಿಸಿಯಲ್ಲಿ ಯಾರಿಗೂ ಕೈ ಚಾಚಬೇಡಿ, ಕೈ ಒರೆಸಿಕೊಂಡು ಒಂದು ಕಾಫಿ ಕುಡಿಯುವಷ್ಟು ತಡೆಯಿರಿ. ಮನೆಯ ಹಿರಿಯ ಹೆಂಗಸು ಮಾತಾಡುತ್ತಿದ್ದರೆ ಕೊನೆಯ ಶಬ್ದದವರೆಗೆ ನಿಂತು ಕೇಳಿ. ಎಲ್ಲಕ್ಕಿಂತ ಮುಖ್ಯವಾದದ್ದು, ಮದುವೆ ಎಲ್ಲಿ ಎಂಬ ಮಾತು ಎತ್ತುವ ಮೊದಲು ಊಟಕ್ಕೆ ಏನು ಎಂಬುದನ್ನು ಗಟ್ಟಿಯಾಗಿ, ನಡುಮನೆಗೆ ಕೇಳಿಸುವ ಹಾಗೆ ಹೇಳಿ. ಯಾರ ಕಾಲು ಕಾರು ಹತ್ತುತ್ತದೆ, ಯಾರದು ಹತ್ತುವುದಿಲ್ಲ ಎಂಬುದು ಆಗಲೇ ತಿಳಿಯುತ್ತದೆ.