ಏಳು ಕೆಜಿಯೊಳಗೊಂದು ಹೆಬ್ಬಾತು

“ಹೆಬ್ಬಾತಿನ ಮರಿ ಫೋಟೊ ಇಲ್ದೆ ನಾನೇನಾದ್ರೂ ಲಡಾಖಿಂದ ವಾಪಸ್ ಬಂದ್ರೆ, ಈ ಕ್ಯಾಮೆರಾನ ಹೊಲದ ಬೆದರುಬೊಂಬೆ ಕತ್ತಿಗೆ ನೇತಾಕ್ತೀನಿ!”

ಬೆಟ್ಟದಪುರದ ಟೀ ಅಂಗಡಿಯಲ್ಲಿ ಬಸವರಾಜು ಹೀಗೆ ಘೋಷಿಸಿದಾಗ ಕೇಳಿಸಿಕೊಂಡವರು ನಾಲ್ಕೇ ಜನ. ಸಂಜೆಯ ಹೊತ್ತಿಗೆ ಅದು ಅರ್ಧ ತಾಲ್ಲೂಕಿಗೆ ಗೊತ್ತಾಗಿತ್ತು. ಗೊತ್ತಾಗಲಿ ಎಂದೇ ಹೇಳಿದ್ದು! ಮೂವತ್ತು ವರ್ಷ ರೈತ ಚಳವಳಿಯಲ್ಲಿ ಸವೆದ ಆಸಾಮಿ. ಮನೆಯೊಳಗೆ ಕೂತು ಗುಟ್ಟಾಗಿ ನಿರ್ಧಾರ ಮಾಡುವುದು ಅವನಿಗೆ ಗೊತ್ತೇ ಇಲ್ಲ. ರಸ್ತೆ ತಡೆದಿದ್ದ, ಲಾಠಿ ತಿಂದಿದ್ದ, ಜೈಲಿನ ಮುದ್ದೆ ಗಟ್ಟಿಯೆಂದು ಜೈಲಿನೊಳಗೇ ಧರಣಿ ಮಾಡಿದ್ದ. ಆಮೇಲೆ ಮಂಡಿ ಸವೆಯಿತು, ಸಂಘ ಮೂರು ಹೋಳಾಯಿತು. ಹೊಗೆಸೊಪ್ಪಿನ ಹೊಲ, ಹೆಂಡತಿ ಸುನಂದಮ್ಮ, ಊರ ಕೆರೆ, ಇಷ್ಟೇ ಉಳಿದವು.

ಆ ಕೆರೆಗೆ ಪ್ರತಿ ಡಿಸೆಂಬರಿನಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಬೂದು ಮೈ, ಬಿಳಿ ತಲೆ, ತಲೆಯ ಹಿಂದೆ ಮಸಿಯಲ್ಲಿ ಎಳೆದಂತೆ ಎರಡು ಕಪ್ಪು ಪಟ್ಟೆ. ಆರು ವರ್ಷದ ಹಿಂದೆ ಹಳೆಯ ಕ್ಯಾಮೆರಾ ಒಂದು ಕೈಗೆ ಸಿಕ್ಕಿದ್ದೇ ಬಸವರಾಜು ಏರಿಯ ಮೇಲೆ ಬೀಡುಬಿಟ್ಟ. ಬೆಳಗಿನ ಜಾವ ಅವನು ಮುಂದೆ, ಫ್ಲಾಸ್ಕು ಮತ್ತು ಮುಕ್ಕಾಲಿ ಸ್ಟ್ಯಾಂಡು ಹೊತ್ತ ಸುನಂದಮ್ಮ ಹಿಂದೆ. ನಾಲ್ಕು ಸಾವಿರ ಫೋಟೊ ತೆಗೆದ. ಆದರೆ ಶಿವರಾತ್ರಿ ಕಳೆದು ಬಿಸಿಲೇರಿತೆಂದರೆ ಹಕ್ಕಿಗಳು ಒಂದು ಬೆಳಿಗ್ಗೆ ಸಾಲುಗಟ್ಟಿ ಎದ್ದು ಉತ್ತರಕ್ಕೆ ಹೊರಟುಬಿಡುತ್ತಿದ್ದವು. ಕೊನೆಯ ಹಕ್ಕಿ ಚುಕ್ಕಿಯಾಗಿ, ಚುಕ್ಕಿಯೂ ಇಲ್ಲವಾಗಿ, ಬರೀ ಆಕಾಶ ಉಳಿದ ಮೇಲೂ ಬಸವರಾಜು ಕತ್ತೆತ್ತಿಕೊಂಡು ನಿಂತಿರುತ್ತಿದ್ದ.

“ಇಲ್ಲಿ ಉಂಡು ತಿಂದು ಕೊಬ್ತವೆ, ಹೆರಿಗೆಗೆ ಮಾತ್ರ ತವರಿಗೆ ಓಯ್ತವೆ!” ಎಂದು ಬೈಯುತ್ತಿದ್ದ. ಬೈದ ಮೇಲೂ ಮನೆಗೆ ಹೋಗದೆ ಖಾಲಿ ಕೆರೆಗೆ ಒಂದು ಸುತ್ತು ಹಾಕುತ್ತಿದ್ದ.

ಆ ತವರು ಎಲ್ಲಿದೆಯೆಂದು ಹೇಳಿದವಳು ಬೈಲಕುಪ್ಪೆಯ ಸ್ವೆಟರ್ ಅಂಗಡಿಯ ದೋಲ್ಮಾ. “ಅವು ನಮ್ಮ ಕಡೇವು ಕಣಣ್ಣ. ಟಿಬೆಟ್ಟು, ಲಡಾಖು, ಅಲ್ಲೆಲ್ಲ ಬೆಟ್ಟದ ಮೇಲೆ ಕೆರೆ ಇದಾವಂತೆ. ಮರಿ ಮಾಡೋದು ಅಲ್ಲಿ. ನಾನೂ ನೋಡಿಲ್ಲ. ಹುಟ್ಟಿದ್ದು ಇಲ್ಲೇ ಅಲ್ವಾ? ನಮ್ಮಮ್ಮ ಹೇಳ್ತಿದ್ರು.”

ಅವತ್ತಿನಿಂದ ಬಸವರಾಜುವಿಗೆ ಮರಿಯ ಹುಚ್ಚು. ಜೂನ್‌ನಲ್ಲಿ ಸಸಿ ನಾಟಿ ಮುಗಿಸಿ ಇಬ್ಬರೂ ವಿಮಾನ ಹತ್ತುವುದೆಂದು ತೀರ್ಮಾನವಾಯಿತು.

ಇನ್ನು ಲೆನ್ಸು. ಹುಣಸೂರಿನಲ್ಲಿ ಸ್ಟುಡಿಯೊ ಇಟ್ಟಿರುವ ಚೇತನ್‌ಕುಮಾರ್, ಬಸವರಾಜುವಿನ ಹಳೆಯ ಸಂಗಾತಿಯ ಮಗ, ಎರಡು ಲೆನ್ಸುಗಳನ್ನು ಮೇಜಿನ ಮೇಲಿಟ್ಟ. ಒಂದು, ಒಂದೂವರೆ ಕೆಜಿಯದು. ಇನ್ನೊಂದು, ನಾಲ್ಕು ಕೆಜಿಯ ಬಿಳಿಯ ದೈತ್ಯ. ಅದನ್ನು ಎತ್ತಿ ನಿಲ್ಲಿಸಿದರೆ ಅಟ್ಟದ ಮೇಲಿನ ಹಿತ್ತಾಳೆ ಕೊಳಗದ ಗತ್ತು!

“ಅಣ್ಣಾ, ಚಿಕ್ಕದು ತಗೊಂಡೋಗಿ. ಪ್ಲೇನ್ ಒಳಗೆ ಕೈಚೀಲ ಏಳೇ ಕೆಜಿ ಬಿಡೋದು. ಲೆನ್ಸನ್ನ ದೊಡ್ಡ ಪೆಟ್ಟಿಗೇಲಿ ಹಾಕಿ ಕಳಿಸಿದ್ರೆ ಎತ್ತೆತ್ತಿ ಎಸೀತಾರೆ, ಗಾಜು ಪುಡಿ ಆಯ್ತದೆ.”

“ಮರಿ ಎಷ್ಟು ದೂರದಲ್ಲಿರ್ತದೆ ಅಂತ ನೀನೇನ್ ಅಳತೆ ಮಾಡಿದ್ದೀಯೇನ್ಲಾ? ಅದ್ರ ಮೈಮೇಲಿನ ನಯ ಕಾಣಬೇಕು ಕಣ್ಲಾ, ನಯ! ದೊಡ್ಡದೇ ಕೊಡು.”

“ತೂಕ?”

“ತೂಕದ ವಿಷಯ ನನಗೆ ಹೇಳಿಕೊಡ್ತೀಯಾ?”

ಅದೂ ನಿಜವೇ. ತೂಕದಲ್ಲಿ ಬಸವರಾಜು ಜಗತ್ಪ್ರಸಿದ್ಧ! ಹಿಂದೆ ಮಂಡಿಯಲ್ಲಿ ಜೋಳ ತೂಗುವಾಗ ಚೀಲದ ತೂಕವೆಂದು ಎರಡೆರಡು ಕೆಜಿ ಕಳೆಯುತ್ತಿದ್ದರು. “ಒಂದು ಕೆಜಿ ಚೀಲಕ್ಕೆ ಎರಡು ಕೆಜಿ ಹೆಂಗ್ರಯ್ಯಾ ಕಳೀತೀರಿ?” ಎಂದು ಮೂರು ದಿನ ತಕ್ಕಡಿಯ ಮೇಲೆಯೇ ಕೂತು ಗೆದ್ದವನು ಇವನು. ಆದ್ದರಿಂದ ಮನೆಯಲ್ಲಿ ಹೊಗೆಸೊಪ್ಪು ತೂಗುವ ಯಂತ್ರದ ಮೇಲೆ ಸಾಮಾನುಗಳನ್ನಿಟ್ಟು ಶಾಸ್ತ್ರೋಕ್ತವಾಗಿ ಲೆಕ್ಕ ಹಾಕಿದ. ಲೆನ್ಸು, ಕ್ಯಾಮೆರಾ, ದುರ್ಬೀನು, ಬ್ಯಾಟರಿಗಳು, ಚಾರ್ಜರು. ಸರಿಯಾಗಿ ಏಳು ಕೆಜಿ!

“ಚೀಲ?” ಎಂದಳು ಸುನಂದಮ್ಮ.

“ಚೀಲನ ಅವ್ರು ಕಳೀತಾರೆ ಕಣೆ. ಯಾವ ಊರಲ್ಲಿ ಚೀಲದ ಸಮೇತ ತೂಕ ಲೆಕ್ಕ ಇಡ್ತಾರೆ?”

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಇಡುತ್ತಾರೆ. ಕೌಂಟರಿನ ಹುಡುಗಿ ಚೀಲವನ್ನು ತೂಕಕ್ಕಿಟ್ಟಳು. ಒಂಬತ್ತು ಕೆಜಿ.

“ಸರ್, ಎರಡು ಕೆಜಿ ಜಾಸ್ತಿ ಇದೆ.”

“ಅದು ಚೀಲದ್ದು ಕಣಮ್ಮ. ಕಳ್ದುಬುಡಿ.”

“ಚೀಲನೂ ಸೇರಿ ಏಳು, ಸರ್.”

ಬಸವರಾಜುವಿನ ಮೂವತ್ತು ವರ್ಷಗಳು ಒಟ್ಟಿಗೆ ಮೈಮೇಲೆ ಬಂದವು! ಸಾಮಾನನ್ನೆಲ್ಲ ಕೌಂಟರಿನ ಮೇಲೆ ಸುರಿದ. ಖಾಲಿ ಚೀಲವನ್ನು ಯಂತ್ರದ ಮೇಲೆ ಎಸೆದ. “ನೋಡಿ! ಎರಡು ಕೆಜಿ! ನಾನು ವಿಮಾನ ಹತ್ತುಸ್ತಿರೋದು ಮಾಲನ್ನ, ಚೀಲನಲ್ಲ! ಇದು ಹಗಲುದರೋಡೆ!” ಹಿಂದೆ ನಿಂತಿದ್ದ ಸಾಲು ಹಾವಿನಂತೆ ಹೊರಳಿತು. ಬಸವರಾಜು ಹೊರಳಲಿಲ್ಲ. ತೂಕದ ಯಂತ್ರದ ಪಕ್ಕದಲ್ಲೇ ನೆಲಕ್ಕೆ ಕೂತುಬಿಟ್ಟ.

ಸುನಂದಮ್ಮ ಸೆರಗು ಸರಿಮಾಡಿಕೊಂಡು ನಿಧಾನವಾಗಿ ಹೇಳಿದಳು. “ಅವತ್ತು ಕಳೆದ್ರು ಅಂತ ಕುಂತ್ರಿ. ಇವತ್ತು ಕಳೀಲಿಲ್ಲ ಅಂತ ಕುಂತ್ರಿ. ನಿಮಗೆ ಕೂರಾಕೆ ಒಂದು ತಕ್ಕಡಿ ಇದ್ರೆ ಸಾಕು ಕಣ್ರೀ! ಎದ್ದೇಳಿ, ಆ ದುರ್ಬೀನು ನನ್ನ ಕತ್ತಿಗೆ ಹಾಕಿ.”

ಧರಣಿ ಅಲ್ಲಿಗೆ ಭಗ್ನವಾಯಿತು. ದುರ್ಬೀನು ಅವಳ ಕತ್ತಿಗೆ ಹೋಯಿತು. ಬ್ಯಾಟರಿಗಳು ಮತ್ತು ಚಾರ್ಜರು ಬಟ್ಟೆಯ ದೊಡ್ಡ ಪೆಟ್ಟಿಗೆಗೆ ಹೋದವು. ಮತ್ತೆ ತೂಗಿದರು. ಏಳು ಕೆಜಿ ಐವತ್ತು ಗ್ರಾಂ.

“ಪರವಾಗಿಲ್ಲ ಸರ್, ಐವತ್ತು ಗ್ರಾಂ ತಾನೇ? ಬಿಡಿ,” ಎಂದಳು ಹುಡುಗಿ, ಪಾಪ, ನಗುತ್ತಲೇ.

ಬಸವರಾಜು ಎದೆಯುಬ್ಬಿಸಿದ. “ಬ್ಯಾಡಮ್ಮ! ನಿಮ್ಮ ದಯೆ ಯಾರಿಗೆ ಬೇಕು? ಕಾನೂನು ಅಂದ್ರೆ ಕಾನೂನು!” ಎಂದವನೇ ಕ್ಯಾಮೆರಾದ ಹೊಟ್ಟೆಯೊಳಗೆ ಇದ್ದ ಒಂದೇ ಒಂದು ಬ್ಯಾಟರಿಯನ್ನೂ ಕಿತ್ತು ದೊಡ್ಡ ಪೆಟ್ಟಿಗೆಗೆ ತುರುಕಿದ. ತೂಕ ಏಳರ ಒಳಗೆ ಇಳಿಯಿತು. ಸತ್ಯಕ್ಕೆ ಜಯ!

ಕೌಂಟರಿನ ಕೆಳಗೆ ಯಾವುದು ಎಲ್ಲಿಗೆ ಹೋಯಿತೆಂದು ಕಾಣದ ಹುಡುಗಿ, ಪೆಟ್ಟಿಗೆಗೆ ಚೀಟಿ ಅಂಟಿಸುತ್ತಾ ಕೇಳಿದಳು. “ಸರ್, ಈ ಪೆಟ್ಟಿಗೇಲಿ ಬಿಡಿ ಬ್ಯಾಟರಿ, ಪವರ್ ಬ್ಯಾಂಕ್...”

“ಇಲ್ಲ!” ಎಂದ ಬಸವರಾಜು.

ಚಳವಳಿಯವರ ಕೆಟ್ಟ ಚಾಳಿಯೇ ಇದು. ಎದುರಿಗೆ ಸಮವಸ್ತ್ರ ಕಂಡು, ಅದು ಬಾಯಿ ಬಿಟ್ಟಿತೆಂದರೆ, ಪ್ರಶ್ನೆ ಮುಗಿಯುವ ಮೊದಲೇ ಉತ್ತರ “ಇಲ್ಲ.” ಪೊಲೀಸರ ಮುಂದೆ ಎಷ್ಟೋ ಸಲ ಅದು ಕಾಪಾಡಿತ್ತು. ಬಿಡಿ ಬ್ಯಾಟರಿಯನ್ನು ಕೈಚೀಲದಲ್ಲೇ ಒಯ್ಯಬೇಕು, ಪೆಟ್ಟಿಗೆಯಲ್ಲಿ ಹಾಕುವಂತಿಲ್ಲ ಎಂಬುದು ಅವಳು ಹೇಳಲು ಹೊರಟಿದ್ದ ಉಳಿದರ್ಧ.

ಒಳಗೆ ಹೋಗಿ ಕೂತು ಅರ್ಧ ಗಂಟೆಯಾಗಿರಲಿಲ್ಲ, ಮೈಕಿನಲ್ಲಿ ಹೆಸರು ಕೂಗಿದರು.

“ರೀ, ನಿಮ್ಮ ಹೆಸ್ರು ಕಣ್ರೀ! ಬರಬೇಕಂತೆ!”

“ಸುಮ್ಕಿರು! ಲೆನ್ಸ್ ಕಿತ್ಕೊಳ್ಳಾಕೆ ಕರೀತಾವ್ರೆ. ಹೆಸರು ಕೂಗಿದ್ರು ಅಂತ ಹೋದೋನು ಯಾವತ್ತೂ ಅವತ್ತೇ ವಾಪಸ್ ಬಂದಿಲ್ಲ.” ಮೂರು ಸಲ ಕೂಗಿದರು. ಮೂರು ಸಲವೂ ಬಸವರಾಜು, ನಾಲ್ಕು ಕೆಜಿ ಲೆನ್ಸನ್ನು ತಬ್ಬಿಕೊಂಡು, ಕಂಬದ ಹಿಂದೆ ಕಂಬವಾಗಿ ನಿಂತಿದ್ದ!

ದೆಹಲಿಯಲ್ಲಿ ವಿಮಾನ ಬದಲಿಸಿ ಲೇಹ್‌ನಲ್ಲಿ ಇಳಿದು ಪೆಟ್ಟಿಗೆ ಬಿಚ್ಚಿದರೆ, ಮೇಲೊಂದು ಚೀಟಿ. ಪೆಟ್ಟಿಗೆಯಲ್ಲಿ ಬ್ಯಾಟರಿಗಳು ಸಿಕ್ಕಿದವು, ನಿಯಮದಂತೆ ತೆಗೆದಿರಿಸಿದ್ದೇವೆ, ಎಂದಿತ್ತು. ಚಾರ್ಜರು ಮಾತ್ರ ಭದ್ರವಾಗಿತ್ತು, ಹಸುವಿಲ್ಲದ ಕೊಟ್ಟಿಗೆಯಲ್ಲಿ ಹಾಲು ಕರೆಯುವ ಚೊಂಬಿನ ಹಾಗೆ.

ಎರಡು ದಿನ ಲೇಹ್‌ನ ಅಂಗಡಿ ಅಂಗಡಿ ಅಲೆದರು. ಉಸಿರು ಸಿಗದ ಊರು. ನಾಲ್ಕು ಹೆಜ್ಜೆಗೊಮ್ಮೆ ಕೂತು ಎದ್ದು ಕೇಳಿದರೂ ಎಲ್ಲ ಕಡೆ ಒಂದೇ ಮಾತು: ಇಷ್ಟು ಹಳೆಯ ಕ್ಯಾಮೆರಾದ ಬ್ಯಾಟರಿ ಈಗ ಯಾರೂ ಇಡುವುದಿಲ್ಲ. ಬಸವರಾಜು ಬೈಯಲಿಲ್ಲ. ಧಿಕ್ಕಾರ ಕೂಗಲಿಲ್ಲ. ಅದನ್ನು ನೋಡಿಯೇ ಸುನಂದಮ್ಮನಿಗೆ ಹೆದರಿಕೆಯಾಗಿದ್ದು.

ಮೂರನೆಯ ದಿನ ಬಾಡಿಗೆ ಜೀಪು ಅವರನ್ನು ಕೆರೆಯ ದಡದಲ್ಲಿ ಇಳಿಸಿತು. ಮರವಿಲ್ಲದ ಬೆಟ್ಟ, ಕಣ್ಣು ಚುಚ್ಚುವ ನೀಲಿ ನೀರು, ಕಿವಿ ಕತ್ತರಿಸುವ ಗಾಳಿ. ದೂರದ ಜೌಗಿನಲ್ಲಿ ಬೂದು ಚುಕ್ಕಿಗಳು. ದುರ್ಬೀನಿನಲ್ಲೂ ಮರಿ ಯಾವುದು, ಅಲೆ ಯಾವುದು ತಿಳಿಯದು. ಮೊಬೈಲಿನಲ್ಲಿ ತೆಗೆದು ನೋಡಿದ. ಹೆಬ್ಬಾತು ರಾಗಿ ಕಾಳಿನಷ್ಟು, ಮರಿ ಆ ಕಾಳಿನ ತೌಡಿನಷ್ಟು! ಆದರೂ ಸ್ಟ್ಯಾಂಡು ನಿಲ್ಲಿಸಿ, ಲೆನ್ಸು ಏರಿಸಿ, ಸತ್ತ ಕ್ಯಾಮೆರಾವನ್ನು ಅದಕ್ಕೆ ಸಿಕ್ಕಿಸಿ ಕಣ್ಣಿಟ್ಟ. ಕನ್ನಡಿಯ ಮೇಲೆ ಕೆಲಸ ಮಾಡುವ ಹಳೆಯ ಯಂತ್ರ ಅದು. ನೋಡುವುದಕ್ಕೆ ಬ್ಯಾಟರಿ ಬೇಕಿಲ್ಲ, ತೆಗೆಯುವುದಕ್ಕೆ ಬೇಕು.

ಕಂಡಿತು.

ಅದೇ ಬಿಳಿ ತಲೆ, ಅದೇ ಎರಡು ಪಟ್ಟೆ. ಅದರ ಹಿಂದೆ ಐದು ಮರಿಗಳು, ಅರಿಸಿನ ಮೆತ್ತಿದ ಹತ್ತಿಯ ಉಂಡೆಗಳು. ಕೊನೆಯದು ಅಲೆಗೆ ಸಿಕ್ಕಿ ಹಿಂದೆ ಬಿತ್ತು, ತಾಯಿ ನಿಂತಿತು, ಅದು ಬಂದು ಸೇರಿದ ಮೇಲೆ ಹೊರಟಿತು. ಬಸವರಾಜುವಿನ ಬೆರಳು ತಾನಾಗಿಯೇ ಗುಂಡಿಯನ್ನು ಒತ್ತಿತು. ಸದ್ದಿಲ್ಲ. ಇನ್ನೊಮ್ಮೆ ಒತ್ತಿತು. ಬಿಳಿ ತಲೆ ಅವನ ಕಡೆ ತಿರುಗಿತು. ಮತ್ತೆ ಒತ್ತಿತು. ಕಣ್ಣಲ್ಲಿ ನೀರು. ಗಾಳಿಗೆ ಎಂದು ತನಗೇ ಹೇಳಿಕೊಂಡ.

“ಒಸಿ ಸರೀರಿ,” ಎಂದಳು ಸುನಂದಮ್ಮ.

ಸರಿದ. ಅವಳು ಬಗ್ಗಿ ಕಣ್ಣಿಟ್ಟಳು. ಐದು ನಿಮಿಷ. ಹತ್ತು ನಿಮಿಷ. ಉಸಿರು ಬಿಗಿಹಿಡಿದು ನಿಂತ ಹೆಂಗಸು ಅಲುಗಾಡಲಿಲ್ಲ. ಕೈ ಮಾತ್ರ ಹಿಂದಕ್ಕೆ ಚಾಚಿ, ಅವನನ್ನು ಇನ್ನಷ್ಟು ದೂರ ತಳ್ಳಿತು.

“ಏನ್ ಮಾಡ್ತಾವೆ?”

“ಮಾತಾಡಬ್ಯಾಡಿ.”

ಬಸವರಾಜು ಕಲ್ಲಿನ ಮೇಲೆ ಕುಸಿದು ಕೂತ. “ಒಂದೇ ಒಂದು ಬ್ಯಾಟ್ರಿ ಇದ್ದಿದ್ರೆ ಸುನಂದಾ! ಒಂದೇ ಒಂದು!”

ಅವಳು ಕಣ್ಣು ತೆಗೆಯದೆಯೇ ಹೇಳಿದಳು.

“ಇದ್ದಿದ್ರೆ ನನ್ನ ಸರದಿ ಎಲ್ಲಿ ಬತ್ತಿತ್ತು? ಆರು ವರ್ಷ ನಿಮ್ಮ ಹಿಂದೆ ಬಂದು ನಾನು ಕಂಡಿದ್ದು ನಿಮ್ಮ ಬೆನ್ನು ಒಂದೇ ಕಣ್ರೀ!”