ಹೊಗೆ ತೂಗಿದ ಚಿಕ್ಕಪ್ಪ

ನಮ್ಮ ಚಿಕ್ಕಪ್ಪ ಹೊಗೆಯನ್ನು ತೂಗಿದ ಮನುಷ್ಯ. ನಂಜನಗೂಡಿನಲ್ಲಿ ಯಾರನ್ನು ಬೇಕಾದರೂ ಕೇಳಿ! ಅಕ್ಕಿ ತೂಗುವವರಿದ್ದಾರೆ, ಚಿನ್ನ ತೂಗುವವರಿದ್ದಾರೆ. ಹೊಗೆಯನ್ನು ಗುಲಗಂಜಿ ಲೆಕ್ಕದಲ್ಲಿ ತೂಗಿದವರು ಇವರೊಬ್ಬರೇ. ಹೊಗೆ ಅಂದರೆ ಮಾತ್ರ ಅವರಿಗೆ ಸಿಟ್ಟು. “ಒಗೆ ಅಲ್ಲ ಕಣ್ಲಾ, ಒಗೆ ಒಳ್ಗಿರೋ ಇಂಗಾಲದ ಡೈಆಕ್ಸೈಡು” ಎಂದು ತಿದ್ದುತ್ತಿದ್ದರು. ಅವರ ಕಣ್ಣಿಗೆ ಪೊರೆ ಬಂದಿದ್ದರಿಂದ ತಕ್ಕಡಿ ನೋಡಿ ಹೇಳುತ್ತಿದ್ದವನು ನಾನು. ಆ ವಿಷಯಕ್ಕೆ ಆಮೇಲೆ ಬರುತ್ತೇನೆ. ಬೇಗ ಬರಲು ಮನಸ್ಸಿಲ್ಲ.

ತೊಂಬತ್ತರ ದಶಕದ ಕೊನೆ ಇರಬೇಕು. ಕಾಲೇಜೊಂದರ ಕೆಮಿಸ್ಟ್ರಿ ಲ್ಯಾಬಿನಲ್ಲಿ ಅಟೆಂಡರ್ ಆಗಿ ಜೀವಮಾನವೆಲ್ಲ ಟೆಸ್ಟ್ ಟ್ಯೂಬ್ ತೊಳೆದು ಚಿಕ್ಕಪ್ಪ ರಿಟೈರಾಗಿದ್ದರು. ಯಾವುದೋ ಪತ್ರಿಕೆಯಲ್ಲಿ ಓದಿದರೋ, ಯಾರೋ ಓದಿ ಹೇಳಿದರೋ (ಎರಡು ಥರವೂ ಹೇಳುತ್ತಿದ್ದರು), ಕೆಂಡದ ಬಿಸಿಯಲ್ಲಿ ಈ ಗಾಳಿಯನ್ನು ನುಂಗುವ ಪಿಂಗಾಣಿಯಂಥ ಉಂಡೆಗಳಿವೆಯಂತೆ. ಇನ್ನೂ ಕಾಯಿಸಿದರೆ ನುಂಗಿದ್ದನ್ನು ಕಕ್ಕಿ, ಮತ್ತೆ ನುಂಗಲು ತಯಾರಂತೆ. ಅಂಥವನ್ನು ಫ್ಯಾಕ್ಟರಿ ಚಿಮಣಿಯೊಳಗೆ ಜೋಡಿಸಿಬಿಟ್ಟರೆ? ಅಷ್ಟು ಸಾಕಾಯಿತು. ಕಪಿಲಾ ಹೊಳೆಯ ಚಿಪ್ಪು ಸುಟ್ಟು ಸುಣ್ಣ ಮಾಡಿದರು, ಜೇಡಿಮಣ್ಣಿಗೆ ಕಲಸಿ ಗೋಲಿ ಗಾತ್ರದ ಉಂಡೆ ಕಟ್ಟಿದರು, ಹಿತ್ತಲಲ್ಲಿ ಇದ್ದಿಲ ಒಲೆ ಹೂಡಿದರು.

ಮೈಸೂರಿನ ಪ್ರೊಫೆಸರೊಬ್ಬರು, ಪೀಡೆ ತೊಲಗಲಿ ಎಂದೋ ಏನೋ, ಒಂದು ಮಾತು ಕೊಟ್ಟಿದ್ದರು. ಒಂದೇ ಉಂಡೆ ಇಪ್ಪತ್ತು ಸುತ್ತು, ಊಟ ಕಡಿಮೆ ಮಾಡದೆ ನುಂಗಿ ಕಕ್ಕಿದರೆ, ತಮ್ಮ ಲ್ಯಾಬಿನ ಕುಲುಮೆಯಲ್ಲಿ ಕೆಲಸ ಮಾಡಲು ಬಿಡುತ್ತೇನೆ ಎಂದು. ತೊಳೆಯಲು ಅಲ್ಲ, ಕೆಲಸ ಮಾಡಲು. ಚಿಕ್ಕಪ್ಪನಿಗೆ ಬದುಕಿನಲ್ಲಿ ಇನ್ನೇನೂ ಬೇಕಿರಲಿಲ್ಲ.

ಅನಾಹುತಗಳೇನು ಒಂದೇ ಎರಡೇ! ಪಕ್ಕದ ಹೆಡತಲೆ ಊರಿನ ಮದುವೆಯೊಂದರಲ್ಲಿ ಅಡುಗೆಯವರ ಕಣ್ಣು ತಪ್ಪಿಸಿ ಒಲೆಯ ಮೇಲೆ ತಂತಿಯಲ್ಲಿ ಉಂಡೆ ಇಳಿಬಿಟ್ಟರು. ಅದು ಸಾರಿನ ಕೊಪ್ಪರಿಗೆಗೆ ಬಿತ್ತು. ಉಪ್ಪು ಕಡಿಮೆಯೆಂದು ಜಗಳ ತೆಗೆಯಲು ಸಿದ್ಧರಾಗಿ ಬಂದಿದ್ದ ಗಂಡಿನ ಕಡೆಯವರಿಗೆ, ಸುಣ್ಣ ಹೆಚ್ಚಾಗಿದ್ದಕ್ಕೆ ಹೇಗೆ ಜಗಳ ತೆಗೆಯುವುದೆಂದು ತಿಳಿಯಲೇ ಇಲ್ಲ! ಇನ್ನೊಮ್ಮೆ ಚಿಕ್ಕಮ್ಮ, ಎಲೆಅಡಿಕೆಗೆ ಸುಣ್ಣ ಮುಗಿಯಿತೆಂದು, ಒಂದು ಉಂಡೆಯನ್ನೇ ಕದ್ದು ನೀರಲ್ಲಿ ನೆನೆಸಿ ಎಲೆಗೆ ಹಚ್ಚಿಕೊಂಡರು. ಬಾಯಿ ಮುಕ್ಕಳಿಸಿ ಬಂದು ನನ್ನ ಹತ್ತಿರ, “ಬರೀ ಮಣ್ಣು ಕಣಪ್ಪ. ಎಲೆಗೂ ಆಗಲ್ಲ, ಒಗೆಗೂ ಆಗಲ್ಲ” ಎಂದು ತೀರ್ಪು ಕೊಟ್ಟರು.

ನಾನು ತಿ. ನರಸೀಪುರದಲ್ಲಿ ಗುಮಾಸ್ತ. ವಾರವೆಲ್ಲ ಫೈಲು, ಭಾನುವಾರ ನಂಜನಗೂಡಿನ ಬಸ್ಸು. ಅಕ್ಕಸಾಲಿಗರಿಂದ ಕೇಳಿ ತಂದ ಹಳೇ ತಕ್ಕಡಿಯಲ್ಲಿ ಉಂಡೆಗೆ ಸಮನಾಗಿ ಕಲ್ಲಿಡಬೇಕು. ಅದು ಹೊಗೆ ತಿಂದ ಮೇಲೆ ಎಷ್ಟು ಗುಲಗಂಜಿ ಹೆಚ್ಚಿಗೆ ಬೇಕೋ ಅಷ್ಟು ಅದರ ಊಟ. ವಾರಕ್ಕೊಂದು ಸುತ್ತು. ಹೊಸ ಉಂಡೆ ಎಂಟು ಗುಲಗಂಜಿ ತಿನ್ನುತ್ತಿತ್ತು. ಆಮೇಲೆ ಏಳು, ಆಮೇಲೆ ಆರು. ಇಳಿಯಿತೋ, ಚಿಕ್ಕಪ್ಪ ಅದನ್ನು ಹಿತ್ತಲಿಗೆಸೆದು ಹೊಸ ಉಂಡೆ ಕಟ್ಟಿ ಮತ್ತೆ ಒಂದನೇ ಸುತ್ತಿನಿಂದ ಶುರು. ಹೀಗೆ ನನ್ನ ಎಷ್ಟು ಭಾನುವಾರಗಳು ಹಿತ್ತಲಿಗೆ ಹೋದವೋ!

ಒಂದು ಸಂಜೆ ಉಂಡೆ ಏಳಕ್ಕಿಳಿದಿತ್ತು. ಮೋಡ ಕವಿದಿತ್ತು ಎಂದು ಬರೆಯಬೇಕೆನಿಸುತ್ತದೆ. ಕವಿದಿರಲಿಲ್ಲ, ನೆಪಕ್ಕೆ ಬೇಕು ಅಷ್ಟೇ. ಬಸ್ಸಿಗೆ ಹೊತ್ತಾಗಿತ್ತು.

“ಎಷ್ಟದ್ಲಾ?”

“ಎಂಟು, ಚಿಕ್ಕಪ್ಪ.”

ಅವರು ಮೂಗು ತಾಗಿಸಿಕೊಂಡು ನೋಟ್‌ಬುಕ್ಕಿನಲ್ಲಿ ಎಂಟು ಎಂದು ದಪ್ಪಕ್ಕೆ ಬರೆದರು. ಮುಂದಿನ ವಾರವೂ ಎಂಟು. ಅದರ ಮುಂದಿನ ವಾರವೂ. ಆಮೇಲಾಮೇಲೆ ನಾನು ತಕ್ಕಡಿಯನ್ನು ನೋಡುವುದನ್ನೇ ಬಿಟ್ಟೆ. ಅವರು ಕುಣಿಯುವುದೊಂದು ಬಾಕಿ. ಹತ್ತೊಂಬತ್ತನೇ ಸುತ್ತು ಮುಗಿದಾಗ ಪ್ರೊಫೆಸರಿಗೆ ಕಾಗದ ಬರೆಸಿದರು. ಬರೆದವನೂ ನಾನೇ. ಆಗಲಾದರೂ ಹೇಳಬಹುದಿತ್ತಲ್ಲವೇ? ಹೇಳಿದಂತೆ ಒಂದೆರಡು ಸಲ ಕನಸು ಬಿತ್ತು, ಅಷ್ಟೇ.

ಪ್ರೊಫೆಸರು ನಿಜವಾಗಿಯೂ ಬಂದರು. ಇಪ್ಪತ್ತನೇ ಸುತ್ತಿಗೆ ತಾವೇ ಕೂತು ಗುಲಗಂಜಿ ಇಟ್ಟರು. ಒಂದು, ಎರಡು, ಮೂರು. ತಕ್ಕಡಿ ಸಮ ನಿಂತಿತು. ನೋಟ್‌ಬುಕ್ಕಿನ ಎಂಟುಗಳ ಸಾಲನ್ನು ಬೆರಳಲ್ಲಿ ಸವರಿ, ಇದನ್ನೆಲ್ಲ ಓದಿದವರು ಯಾರು ಎಂದು ಕೇಳಿದರು.

ಚಿಕ್ಕಪ್ಪ ನನ್ನ ಕಡೆ ತಿರುಗಲೂ ಇಲ್ಲ. “ನಾನೇ ಸಾ. ಕಣ್ಣು ಮಂಜು. ತೆಪ್ಪಾಗಿ ಬರ್ಕೊಂಬುಟ್ಟಿವ್ನಿ.”

ಪ್ರೊಫೆಸರು ಒಳ್ಳೆಯವರು. ಸುಣ್ಣದ ಸ್ವಭಾವವೇ ಹೀಗೆ, ಕಾದು ಕಾದು ಅದರೊಳಗಿನ ತೂತುಗಳು ಮುಚ್ಚಿಹೋಗುತ್ತವೆ, ದೊಡ್ಡ ದೊಡ್ಡ ಲ್ಯಾಬುಗಳಲ್ಲೂ ಇದೇ ಪಾಡು ಎಂದು ಸಮಾಧಾನ ಹೇಳಿ, ಕಾಫಿ ಕುಡಿದು ಹೋದರು. ಕುಲುಮೆಯ ಮಾತೆತ್ತಲಿಲ್ಲ. ಚಿಕ್ಕಪ್ಪ ಉಂಡೆಯನ್ನು ಹಿತ್ತಲಿಗೆಸೆಯಲು ಕೈ ಎತ್ತಿದಾಗ ಚಿಕ್ಕಮ್ಮ ತಡೆದರು. “ಸುಟ್ಬುಟ್ಟು ಅದುಕ್ಕೊಸಿ ನೀರು ತೋರ್ಸಿ. ನನ್ ಸುಣ್ಣದ ಡಬ್ಬಿ ಒಣುಗ್ದಾಗ ನಾನೇನು ಬಿಸಾಕ್ತೀನಾ?”

ಮುಂದಿನ ಭಾನುವಾರ ಹೋಗುವುದೋ ಬೇಡವೋ ಎಂದು ಬಸ್‌ಸ್ಟ್ಯಾಂಡಿನಲ್ಲಿ ಎರಡು ಬಸ್ಸು ಬಿಟ್ಟೆ. ಹೋದಾಗ ಚಿಕ್ಕಪ್ಪ, ನಡುವೆ ಏನೂ ನಡೆದೇ ಇಲ್ಲವೆಂಬಂತೆ, ಒಲೆಗೆ ಇದ್ದಿಲು ತುಂಬುತ್ತಿದ್ದರು. ಉಂಡೆಯನ್ನು ಸುಟ್ಟು, ನೀರು ಚಿಮುಕಿಸಿ, ವಾರವೆಲ್ಲ ಮುಚ್ಚಿಟ್ಟಿದ್ದರಂತೆ. ಜಗುಲಿಯ ಮೇಲೆ ಚಾಪೆ ಹಾಸಿತ್ತು, ದಿಂಬೂ ಇತ್ತು.

“ಮನೀಕೊ ಓಗ್ಲಾ. ತೂಗೋ ಒತ್ಗೆ ಏಳುಸ್ತೀನಿ.”

ಏಳಿಸಲಿಲ್ಲ. ಎಚ್ಚರವಾದಾಗ ಸಂಜೆಯ ಬಸ್ಸು ಹೋಗಿಯಾಗಿತ್ತು. ಚಿಕ್ಕಪ್ಪ ತಕ್ಕಡಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ತಟ್ಟೆ ಅಲುಗದಿರಲೆಂದು ಉಸಿರು ಬಿಗಿಹಿಡಿದು, ಕಾಣದ ಮುಳ್ಳಿಗೆ ಮುಖ ಒಡ್ಡಿದ್ದರು. ನಾನು ಪಕ್ಕದಲ್ಲಿ ಕೂತೆ.

“ಐದು” ಎಂದೆ.

“ನಿಜವಾಗ್ಲೂ?”

ಮತ್ತೆ ನೋಡಿದೆ. ಅಷ್ಟು ಹೊತ್ತು ನಾನು ಯಾವುದನ್ನೂ ನೋಡಿರಲಿಲ್ಲ, ಅಲ್ಲಿಯವರೆಗಿನ ಬದುಕಿನಲ್ಲಿ. “ಐದಿಲ್ಲ ಚಿಕ್ಕಪ್ಪ. ನಾಲ್ಕಕ್ಕೆ ಮೇಲೆ, ಐದಕ್ಕೆ ಕೆಳಗೆ.”

ಚಿಕ್ಕಪ್ಪ ಬಿಗಿಹಿಡಿದ ಉಸಿರು ಬಿಟ್ಟರು. ತಕ್ಕಡಿ ಗಡಗಡ ಅಲುಗಿತು. ನೋಟ್‌ಬುಕ್ಕಿನ ಹೊಸ ಹಾಳೆಯಲ್ಲಿ, ಮೂಗು ತಾಗಿಸಿಕೊಂಡು, ನಾಲ್ಕೂವರೆ ಎಂದು ದಪ್ಪಕ್ಕೆ ಬರೆದರು.