ನಾ ಇಲ್ಲದಾಗ ಜಾಸ್ತಿ ತಿಂತೈತಿ!

ನಮ್ಮ ಮಾಮಾನ ಕೈಗೆ ನೀವು ಸಿಕ್ಕಿಲ್ಲ, ಪುಣ್ಯಾ ಮಾಡೀರಿ! ಸಿಕ್ಕಿದ್ರ ನಿಮಗೂ ಎರಡು ವೈರ್ ಹಚ್ಚಿ, ಸುಮ್ಮನ ಕುಂತಾಗ ಎಷ್ಟು ಕರೆಂಟ್ ತಿಂತೀರಿ, ಹರಟಿ ಹೊಡಿಯುವಾಗ ಎಷ್ಟು ತಿಂತೀರಿ ಅಂತ ನೋಡೇ ಬಿಡತಿದ್ದ.

ಮಾಮಾ ಅಂದ್ರ ನಮ್ಮವ್ವನ ತಮ್ಮ. ರಾಣೆಬೆನ್ನೂರಿನ ಒಂದು ಇಂಜಿನಿಯರಿಂಗ್ ಕಾಲೇಜಿನ್ಯಾಗ ಮಾಸ್ತರ. ಮನಿ ಬ್ಯಾಡಗಿ. ದಿನಾ ಮುಂಜಾನಿ ರೈಲಿಗೆ ಹೋಗಿ ಸಂಜಿ ರೈಲಿಗೆ ಬರಾವ. ಚೀಲದಾಗ ಊಟದ ಡಬ್ಬಿ ಇರ್ತಿತ್ತೋ ಇಲ್ಲೋ, ಕರೆಂಟ್ ಅಳಿಯೂ ಮೀಟರ್ ಮಾತ್ರ ಇದ್ದ ಇರ್ತಿತ್ತು. ಹಾವೇರಿಯೊಳಗ ನಮ್ಮಣ್ಣನ ಲಗ್ನ. ಎಲ್ಲಾರೂ ಅಕ್ಕಿಕಾಳು ಹಿಡಕೊಂಡು ನಿಂತಾರ, ಸೋದರಮಾವನ ಪತ್ತೆ ಇಲ್ಲ! ಹುಡುಕಿದ್ರ, ಮಂಟಪದ ಹಿಂದ ಲೈಟಿನ ಸರಕ್ಕ ಮೀಟರ್ ಹಚ್ಚಿ ಕುಂತಾನ.

“ಈ ಸರ ಆ ಸರಕ್ಕಿಂತ ಜಾಸ್ತಿ ತಿಂತೈತಿ ನೋಡವಾ.”

“ಮಾಮಾ, ಅಲ್ಲೆ ಅಕ್ಕಿಕಾಳು ಬಿದ್ದ ಹೋದ್ವು!”

“ಹೌದಾ? ಹಂಗಾರ ಊಟಕ್ಕ ಕುಂತಾರೇನು?” ಅಂತ ಮೀಟರ್ ಝಾಡಿಸಿಕೊಂಡು ಎದ್ದ.

ನಮ್ಮತ್ತಿದು, ಅಂದ್ರ ಅವನ ಹೆಂಡತಿದು, ಇನ್ನೊಂದು ಚಟ. ಬ್ಯಾಡಗಿಯೊಳಗ ಮೆಣಸಿನಕಾಯಿ ಸುಗ್ಗಿ ಬಂತಂದ್ರ ಗಾಳಿನೂ ಖಾರ ಅಲ್ರಿ? ಆ ಧೂಳಿಗೆ ಅಂಜಿ ಆಕಿ ಕಂಡಕಂಡದ್ದಕ್ಕೆಲ್ಲಾ ಗವಸು ಹೊಲಿಯಾಕಿ. ಟಿವಿಗೆ ಗವಸು, ಮಿಕ್ಸರಿಗೆ ಗವಸು, ಫೋನಿಗೂ ಝಾಲರಿ ಹಚ್ಚಿದ ಗವಸು! ಫೋನ್ ಹೊಡಕೊಂಡ್ರ ಅದರ ಕಸಿ ಬಿಚ್ಚೂದ್ರಾಗ ಆ ಕಡಿಯವರು ಬ್ಯಾಸತ್ತು ಇಟ್ಟ ಬಿಡತಿದ್ರು.

ಇರ್ಲಿ. ಇಂಥಾ ಮಾಮಾ ಪಿಎಚ್‌ಡಿಗೆ ಯಾವ ವಿಷಯ ಹಿಡದಿರಬೇಕು ಹೇಳ್ರಿ? ಎಫ್‌ಪಿಜಿಎ ಕಾರ್ಡು ಎಷ್ಟು ಕರೆಂಟ್ ತಿಂತೈತಿ ಅನ್ನೂದು! ಹಂಗಂದ್ರೇನು ಅಂತ ನಾನೂ ಕೇಳಿದ್ದೆ. ಅದು ಕಂಪ್ಯೂಟರಿನ ಹೊಟ್ಟಿಯೊಳಗ ಕುಂದ್ರಸೂ ಒಂದು ಹಲಗಿಯಂತ. ದೊಡ್ಡ ಲೆಕ್ಕಾ ಬಂದಾಗ ಕಂಪ್ಯೂಟರಿಗೆ ಕೈ ಜೋಡಿಸಿ ಲಗೂ ಮುಗಿಸಿ ಕೊಡತೈತಿ. ಯಾವ ಲೆಕ್ಕಕ್ಕ ಬೇಕೋ ಹಂಗ ಅದರ ಒಳಗಿನ ಜೋಡಣಿ ನಾವ ಬದಲಿ ಮಾಡಬಹುದು.

“ಎಷ್ಟು ಲಗೂ ದುಡಿತೈತಿ ಅಂತ ಎಲ್ಲಾರೂ ಹೊಗಳ್ತಾರವಾ. ಏನ ತಿಂದು ದುಡಿತೈತಿ ಅಂತ ಯಾರು ಕೇಳ್ತಾರ?” ಅಂತಿದ್ದ ಮಾಮಾ.

ಕಾಲೇಜಿನ ಲ್ಯಾಬಿಗೆ ಸಂಜಿಗೆ ಕೀಲಿ ಬೀಳತಿತ್ತು. ಅದಕ್ಕ ಕಾರ್ಡು ಮನಿಗೆ ತಂದು, ಮನಿ ಕಂಪ್ಯೂಟರಿನ್ಯಾಗ ಕುಂದ್ರಿಸಿ, ಲೈಟ್ ಹೋದ್ರೂ ನಿಲ್ಲಬಾರದಂತ ಬ್ಯಾಟರಿ ಜೋಡಿಸಿ, ಹಗಲೂ ರಾತ್ರಿ ಒಂದ ಲೆಕ್ಕಾ ಮಾಡಾಕ ಹಚ್ಚಿದ. ತಿಂದದ್ದನ್ನೆಲ್ಲಾ ಮೀಟರ್ ತಾನ ದಾಖಲ ಮಾಡಿಕೋತಿತ್ತು. “ಯಾರೂ ಮುಟ್ಟಬ್ಯಾಡ್ರಿ!” ಅಂತ ಹುಕುಂ ಬ್ಯಾರೆ. ಒಂದ ಲೆಕ್ಕಾ ಮಾಡೂದು ಒಂದ ಸಮ ತಿನ್ನಬೇಕೋ ಬ್ಯಾಡೋ? ಇಲ್ಲ! ಮಾಮಾ ರೈಲು ಹತ್ತಿದ್ದ ತಡ, ಏರಾಕ ಚಾಲೂ. ಸಂಜಿ ಅವ ಮನಿಗೆ ಬಂದ ಮ್ಯಾಲ ಮೆಲ್ಲಕ ಇಳಿದು ತಣ್ಣಗ. ಐತವಾರ ಅಂತೂ ದಿನಪೂರ್ತಿ ಶಾಣ್ಯಾ!

“ನಾ ಇಲ್ಲದಾಗ ಜಾಸ್ತಿ ತಿಂತೈತಿ!” ಅಂತ ತಲಿ ಹಿಡಕೊಂಡು ಕುಂತ.

“ಮಾಮಾ, ಎಲ್ಲಾ ಮಕ್ಕಳೂ ಹಂಗ ಮಾಡ್ತಾವ” ಅಂದ್ರ ನನ್ನ ಮ್ಯಾಲ ಸಿಟ್ಟಾದ.

ಸಿಟ್ಟು ಖರೇನ ಇತ್ತು. “ಸೋಮವಾರದೊಳಗ ಈ ಏರಿಳಿತಕ್ಕ ಕಾರಣ ಹೇಳ್ರಿ, ಇಲ್ಲಾ ವಿಷಯಾನ ಬಿಡ್ರಿ” ಅಂದಿದ್ರು ಅವನ ಗೈಡ್ ಸರ್. ವರ್ಷಗಟ್ಟಲೆ ಮಾಡಿದ್ದು ನೀರಾಗ ಹೋಗೂ ಹೊತ್ತು! ಮಾಮಾಗ ಹಿತ್ತಲ ಹಿಂದಿನ ಖಾರದ ಗಿರಣಿ ಮ್ಯಾಲ ಸಂಶೆ, ಅದೂ ಹಗಲಷ್ಟ ಓಡಿ ಐತವಾರ ಬಂದ್ ಇರ್ತಿತ್ತಲ್ಲ. ರಜಾ ಹಾಕಿ, ಹೋಗಿ, ಗಿರಣಿ ಬಂದ್ ಮಾಡಸಿದ. ಅವತ್ತು ಕಾರ್ಡು ಬಂಗಾರದಂಗ ಇತ್ತು. ಗೆದ್ದೆ ಅನಕೊಂಡು ಮತ್ತ ಗಿರಣಿ ಚಾಲೂ ಮಾಡಸಿದ್ರ ಆಗೂ ಬಂಗಾರನ! “ಸರ್, ನಮ್ಮ ಗಿರಣಿ ಮೆಣಸಿನಕಾಯಿ ಅಷ್ಟ ತಿಂತೈತ್ರಿ” ಅಂತ ಕೈ ಮುಗದ ಗಿರಣಿಯಾಂವ. ಮಾಮಾಗ ಸಿಕ್ಕದ್ದು ಸೀನು ಮಾತ್ರ.

ಶನಿವಾರ ಮಧ್ಯಾಹ್ನ ನಾ ವರ್ಷದ ಖಾರಕ್ಕ ಮೆಣಸಿನಕಾಯಿ ತರಾಕಂತ ಹಾವೇರಿಯಿಂದ ಬ್ಯಾಡಗಿಗೆ ಹೋದೆ. ಮನಿಯೊಳಗ ಕಾಲಿಡ್ತೇನಿ, ಏನ ಹೇಳಲಿ! ಆ ಕಂಪ್ಯೂಟರು ಅಂಚಿನ ಸೀರಿಯ ಗವಸು ಹೊತ್ತು, ಕಸಿ ಕಟ್ಟಿಸಿಕೊಂಡು, ಮದುಮಗಳಂಗ ಕುಂತೈತಿ. ಒಳಗ ಗುಂಯ್ ಅಂತ ಚಾಲೂನ ಐತಿ! ಮುಟ್ಟಿದ್ರ ಕೈ ಚುರ್ ಅಂತು. ಬಾಜೂಕ ಅತ್ತಿ ಒಂದು ಬಟ್ಟಲದಾಗ ಚುರುಮುರಿ ಇಟಗೊಂಡು ಕಾವಲಾ ಕುಂತಿದ್ಲು.

“ಅತ್ತಿ! ಇದೇನಿದು?”

“ಖಾರದ ಧೂಳಿ ಹೋಗಬಾರದಲ್ಲವಾ ಒಳಗ? ಅವರ ಜೀವಾನ ಅದರಾಗ ಐತಿ. ಅವರು ಹೋದ ಕೂಡಲೆ ಹೊಚ್ಚತೇನಿ, ಬರೂ ಹೊತ್ತಿಗೆ ತಗದ ಬಿಡ್ತೇನಿ. ನಿಮ್ಮ ಮಾಮಾನ ಮುಂದ ಹೇಳಬ್ಯಾಡ ನಮ್ಮವ್ವ, ಮುಟ್ಟೀದಿ ಅಂತ ಬೈತಾರ.”

ಹೇಳದ ಬಿಡಾಕ ಆಗತೈತೇನ್ರಿ? ಫೋನಿನ ಗವಸಿನ ಕಸಿ ಬಿಚ್ಚಿ ಕಾಲೇಜಿಗೆ ಫೋನ್ ಹಚ್ಚಿದೆ. ಮಾಮಾ ಸಿಕ್ಕ ಬಸ್ಸು ಹತ್ತಿ ಓಡಿ ಬಂದ. ಗವಸು ತಗದ, ಮೀಟರ್ ಇಳೀತು. ಹೊಚ್ಚಿದ, ಏರಿತು. ಉಸಿರಾಡಾಕ ಗಾಳಿ ಇಲ್ಲದ ಕಾರ್ಡು ಕಾಯತಿತ್ತು, ಕಾದಂಗ ಕಾದಂಗ ಜಾಸ್ತಿ ಕರೆಂಟ್ ಸೋರಿಸತಿತ್ತು. ಇಷ್ಟ!

“ಕಾರ್ಡೂ ಛಲೋ ಐತಿ, ಮೀಟರೂ ಛಲೋ ಐತಿ, ನಾನೂ ಛಲೋ ಅದೇನಿ!” ಅಂತ ಮಾಮಾ ನೆಲದ ಮ್ಯಾಲ ಕುಂತು ಕಣ್ಣಾಗ ನೀರು ಬರೂ ಹಂಗ ನಕ್ಕ. ನನಗೂ ಹೋದ ಜೀವ ಬಂದಂಗ ಆತು. ಮುಂದ ಸೋಮವಾರ ಗೈಡ್ ಸರ್ ಒಪ್ಪಿದ್ರು, ಗವಸಿನ ಲೆಕ್ಕಾನೂ ಸೇರಸ್ರಿ ಅಂದ್ರು. ಅದನ್ನ ಬಿಡ್ರಿ. ನಾ ಹೇಳಾಕ ಹೊಂಟಿದ್ದು ಆ ಶನಿವಾರದ್ದ.

ಅತ್ತಿ ಬಾಗಲದಾಗ ನಿಂತು, “ನನ್ನಿಂದನ ಆತೇನ್ರಿ ಇಷ್ಟೆಲ್ಲಾ?” ಅಂತ ಕಣ್ಣಾಗ ನೀರು ತಂದ್ಲು. ಮಾಮಾ ಏನೋ ಹೇಳಾಕ ಹೋದಾವ, ಆ ಬಟ್ಟಲ ಕಂಡು ತಡದ.

“ಇದೇನ?”

“ನನ್ನ ಊಟಾರಿ.”

“ನಾ ಇಲ್ಲದಾಗ ದಿನಾ ಇಷ್ಟ ತಿಂತೀ?”

“ಒಬ್ಬಾಕಿ ಸಲುವಾಗಿ ಏನಂತ ಒಲಿ ಹಚ್ಚೂದ್ರಿ?”

ಮಾಮಾ ಕೈಯಾಗಿನ ಮೀಟರ್ ಕೆಳಗಿಟ್ಟು ಅಡಗಿಮನಿಗೆ ಹೋದ. ತಾಟು, ಬೋಗಣಿ ಸಪ್ಪಳ ಕೇಳಿತು. ಆಮ್ಯಾಲ, “ಅಕ್ಕಿ ಡಬ್ಬಿ ಎಲ್ಲೈತಿ?” ಅಂತ ಒಳಗಿಂದ ಕೂಗಿದ.

ಅತ್ತಿ ಸೆರಗಿಲೆ ಕಣ್ಣೊರಸಿಕೊಂಡು ನಕ್ಲು. “ಗವಸು ತಗದ ನೋಡ್ರಿ,” ಅಂದ್ಲು, “ಅದರ ಒಳಗ ಐತಿ.”